ವಾಲ್ಡಮರ್ ಹಾಫ್‌ಕಿನ್ (1860–1930): ಜೀವನ ಪರಿಚಯ ಹಾಗೂ ಪ್ರತಿಕಾಯಗಳ ಕುರಿತು ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಲಸಿಕೆ ಪಡೆಯಲು ಸರಕಾರಿ ಆರೋಗ್ಯ ಕೇಂದ್ರಗಳಿಗೆ ಬರುವ ನಾಗರಿಕರಿಂದ ಮೂರು ಪ್ರಶ್ನೆಗಳು ಸಾಮಾನ್ಯವಾಗಿ ಕೇಳಿಬರುತ್ತವೆ. ಆರೋಗ್ಯವಾಗಿರುವ ಮಗುವಿಗೆ ಸೂಜಿ ಏಕೆ ಚುಚ್ಚಿಸಬೇಕು? ಒಮ್ಮೆ ಹಾಕಿಸಿದ ಮೇಲೆ ಮತ್ತೆ ಮತ್ತೆ ಏಕೆ ಬರಬೇಕು? ಲಸಿಕೆಯಿಂದ ಅನಾಹುತವಾದರೆ ಅದಕ್ಕೆ ಹೊಣೆ ಯಾರು? ಇವು ಹೊಸ ಪ್ರಶ್ನೆಗಳಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಾಲರಾ ಹಾಗೂ ಪ್ಲೇಗು ಲಸಿಕೆಗಳನ್ನು ಭಾರತದ ಜನರಿಗೆ ನೀಡಿದ ವಿಜ್ಞಾನಿ ವಾಲ್ಡಮರ್ ಮೊರ್ಡೆಕೈ ಹಾಫ್‌ಕಿನ್ ಅವರು ಇವೇ ಪ್ರಶ್ನೆಗಳನ್ನು ಎದುರಿಸಿದರು. ಮೂರನೆಯ ಪ್ರಶ್ನೆಗೆ ಅವರು ತಮ್ಮ ಹುದ್ದೆಯನ್ನೂ ಕೀರ್ತಿಯನ್ನೂ ಬೆಲೆಯಾಗಿ ತೆರಬೇಕಾಯಿತು.

ಇಂದಿನ ಕಲಬುರಗಿ ಜಿಲ್ಲೆಯ ಪೂರ್ವ ಭಾಗದ ಜನರಿಗೂ ಈ ಚರಿತ್ರೆಗೂ ಸಂಬಂಧವಿದೆ. ಮುಂಬಯಿಯಿಂದ ಹೊರಟ ರೈಲು ಮಾರ್ಗವು ಶಹಾಬಾದ್, ವಾಡಿಗಳನ್ನು ದಾಟಿ 1871ರಲ್ಲಿ ರಾಯಚೂರನ್ನು ತಲುಪಿತು. ವಾಡಿಯಿಂದ ಕವಲೊಡೆದು ಚಿತ್ತಾಪುರ, ಸೇಡಂ ಮೂಲಕ ಸಿಕಂದರಾಬಾದಿಗೆ ಹೋಗುವ ನಿಜಾಮ್ ಸರಕಾರದ ಮಾರ್ಗವು 1874ರಲ್ಲಿ ತೆರೆಯಿತು. 1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡಾಗ ರೋಗವು ಇಂತಹ ರೈಲು ಮಾರ್ಗಗಳನ್ನೇ ಹಿಡಿದು ಒಳನಾಡಿಗೆ ಸಾಗಿತು. ಮುಂಬಯಿ ಪ್ರಾಂತ, ಮೈಸೂರು ಸಂಸ್ಥಾನ ಹಾಗೂ ಹೈದರಾಬಾದ್ ಸಂಸ್ಥಾನಗಳೆಂದು ಹಂಚಿಹೋಗಿದ್ದ ಕನ್ನಡ ನಾಡಿನ ಮೂರು ಭಾಗಗಳೂ ಅದಕ್ಕೆ ತುತ್ತಾದವು. ಚಿಂಚೋಳಿ ತಾಲ್ಲೂಕಿನ ಕುಂಚಾವರಂನಂತಹ ಗಡಿಯಂಚಿನ ಕಾಡಿನ ಊರುಗಳಲ್ಲಿ ಇಂದು ಮಗುವಿನ ತೋಳಿಗೆ ಬೀಳುವ ಸೂಜಿಯ ಹಿಂದಿನ ಕಥೆಯು ಆ ಕಾಲದಲ್ಲಿಯೇ ಆರಂಭವಾಗುತ್ತದೆ.

ಜನನ ಮತ್ತು ವಿದ್ಯಾಭ್ಯಾಸ

ಹಾಫ್‌ಕಿನ್ ಅವರು 1860ರ ಮಾರ್ಚ್ 15ರಂದು ಆಗಿನ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ, ಈಗಿನ ಯುಕ್ರೇನ್ ದೇಶದ ಒಡೆಸ್ಸಾ ನಗರದಲ್ಲಿ ಯಹೂದಿ ಕುಟುಂಬವೊಂದರಲ್ಲಿ ಜನಿಸಿದರು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರವನ್ನು ಅಭ್ಯಾಸ ಮಾಡಿದರು. ಪ್ರಸಿದ್ಧ ವಿಜ್ಞಾನಿ ಇಲ್ಯಾ ಮೆಚ್ನಿಕೋವ್ ಅವರು ಅಲ್ಲಿ ಹಾಫ್‌ಕಿನ್ ಅವರ ಗುರುಗಳಾಗಿದ್ದರು. ರಕ್ತದಲ್ಲಿರುವ ಕೆಲವು ಬಿಳಿ ಕೋಶಗಳು ರೋಗಾಣುಗಳನ್ನು ನುಂಗಿ ನಾಶಮಾಡುತ್ತವೆ ಎಂಬುದು ಮೆಚ್ನಿಕೋವ್ ಅವರು ಮುಂದೆ ಪ್ರತಿಪಾದಿಸಿದ ಸಿದ್ಧಾಂತ.

ವಿದ್ಯಾರ್ಥಿಯಾಗಿದ್ದಾಗ ಹಾಫ್‌ಕಿನ್ ಅವರು ಚಕ್ರವರ್ತಿಯ ಆಳ್ವಿಕೆಯನ್ನು ವಿರೋಧಿಸುವ ಗುಂಪಿನೊಡನೆ ಸೇರಿ ಬಂಧನಕ್ಕೆ ಒಳಗಾದರು. ಪದವಿ ಪಡೆದ ಮೇಲೆ ಒಡೆಸ್ಸಾದ ಪ್ರಾಣಿ ಸಂಗ್ರಹಾಲಯದಲ್ಲಿ ಕೆಲಸ ದೊರೆಯಿತಾದರೂ ಪ್ರಾಧ್ಯಾಪಕ ಹುದ್ದೆ ದೊರೆಯಲಿಲ್ಲ. ಅದಕ್ಕಾಗಿ ಮತಾಂತರ ಹೊಂದಬೇಕೆಂಬ ಷರತ್ತನ್ನು ಅವರು ಒಪ್ಪಲಿಲ್ಲ. 1888ರಲ್ಲಿ ದೇಶವನ್ನು ತೊರೆದು ಜಿನೀವಾಕ್ಕೂ, 1889ರಲ್ಲಿ ಪ್ಯಾರಿಸ್ಸಿಗೂ ತೆರಳಿದರು. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಆಗ ಖಾಲಿಯಿದ್ದುದು ಗ್ರಂಥಪಾಲಕರ ಹುದ್ದೆ ಮಾತ್ರ. ಹಾಫ್‌ಕಿನ್ ಅವರು ಅದನ್ನೇ ಸ್ವೀಕರಿಸಿ, ಬಿಡುವಿನ ವೇಳೆಯಲ್ಲಿ ಪ್ರಯೋಗಾಲಯದಲ್ಲಿ ದುಡಿದರು.

ಕಾಲರಾ ಲಸಿಕೆ

ಅದೇ ಕಾಲದಲ್ಲಿ ಯುರೋಪಿನಲ್ಲಿ ಇನ್ನೊಂದು ಮಹತ್ವದ ಸಂಶೋಧನೆ ನಡೆಯಿತು. 1890ರಲ್ಲಿ ಬರ್ಲಿನ್ನಿನಲ್ಲಿ ಎಮಿಲ್ ಬೆಹ್ರಿಂಗ್ ಮತ್ತು ಶಿಬಾಸಾಬುರೊ ಕಿಟಾಸಾಟೊ ಅವರು ಧನುರ್ವಾಯುವಿನ ವಿಷವನ್ನು ಸ್ವಲ್ಪಸ್ವಲ್ಪವಾಗಿ ನೀಡಿದ ಪ್ರಾಣಿಯ ರಕ್ತದ ತಿಳಿದ್ರವವನ್ನು ಬೇರೊಂದು ಪ್ರಾಣಿಗೆ ಕೊಟ್ಟರೆ ಆ ಪ್ರಾಣಿಗೂ ರಕ್ಷಣೆ ದೊರೆಯುತ್ತದೆ ಎಂದು ತೋರಿಸಿದರು. ರಕ್ತದ ದ್ರವಭಾಗದಲ್ಲಿ ರೋಗವನ್ನು ತಡೆಯುವ ಯಾವುದೋ ವಸ್ತು ಇದೆ ಎಂಬುದು ಇದರಿಂದ ಸಿದ್ಧವಾಯಿತು. ಆ ವಸ್ತುವಿಗೆ ಪ್ರತಿಕಾಯ ಎಂಬ ಹೆಸರು ಬಂದಿತು. ಅದರ ಆಕಾರವಾಗಲಿ ರಚನೆಯಾಗಲಿ ಆಗ ಯಾರಿಗೂ ತಿಳಿದಿರಲಿಲ್ಲ. ರಕ್ಷಣೆ ನೀಡುವುದು ಮೆಚ್ನಿಕೋವ್ ಅವರ ನುಂಗುವ ಕೋಶಗಳೋ ಅಥವಾ ದ್ರವದಲ್ಲಿರುವ ಪ್ರತಿಕಾಯಗಳೋ ಎಂಬ ವಾದವು ಹಲವು ವರ್ಷ ನಡೆಯಿತು.

ಹಾಫ್‌ಕಿನ್ ಅವರು ವಾದ ಮುಗಿಯುವವರೆಗೆ ಕಾಯಲಿಲ್ಲ. ಕಾಲರಾ ರೋಗಾಣುವನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ದುರ್ಬಲಗೊಳಿಸಿದ ಬಗೆಯನ್ನು ಮೊದಲಿಗೂ ಪ್ರಬಲವಾದ ಬಗೆಯನ್ನು ಕೆಲವು ದಿನಗಳ ನಂತರವೂ ಚುಚ್ಚುವ ಎರಡು ಹಂತದ ಲಸಿಕೆಯನ್ನು ಸಿದ್ಧಪಡಿಸಿದರು. 1892ರ ಜುಲೈ 18ರಂದು ಅದನ್ನು ಮೊದಲು ತಮ್ಮ ದೇಹಕ್ಕೇ ಚುಚ್ಚಿಕೊಂಡರು. ಜ್ವರ ಮತ್ತು ನೋವು ಕಾಣಿಸಿಕೊಂಡು ಕೆಲವು ದಿನಗಳಲ್ಲಿ ಶಮನವಾದವು. ನಂತರ ಸ್ವಇಚ್ಛೆಯಿಂದ ಮುಂದೆ ಬಂದ ಗೆಳೆಯರಿಗೆ ಲಸಿಕೆ ನೀಡಿ, ಅದು ಅಪಾಯಕಾರಿಯಲ್ಲವೆಂದು ಖಚಿತಪಡಿಸಿಕೊಂಡರು.

ಭಾರತಕ್ಕೆ ಆಗಮನ

ಲಸಿಕೆಯು ರೋಗವನ್ನು ನಿಜವಾಗಿ ತಡೆಯುತ್ತದೆಯೇ ಎಂದು ತಿಳಿಯಲು ಕಾಲರಾ ಹೆಚ್ಚಾಗಿರುವ ನಾಡಿನಲ್ಲಿ ಪರೀಕ್ಷಿಸುವುದು ಅಗತ್ಯವಾಗಿತ್ತು. ಹಾಫ್‌ಕಿನ್ ಅವರು 1893ರಲ್ಲಿ ಕಲ್ಕತ್ತಾಕ್ಕೆ ಬಂದರು. ಅವರು ವೈದ್ಯರಲ್ಲ, ಬ್ರಿಟಿಷರೂ ಅಲ್ಲ, ರಷ್ಯಾದಿಂದ ಬಂದ ಯಹೂದಿ. ಈ ಕಾರಣಗಳಿಂದ ಸರಕಾರಿ ವೈದ್ಯಾಧಿಕಾರಿಗಳಲ್ಲಿ ಅನೇಕರು ಅವರನ್ನು ಅನುಮಾನದಿಂದ ಕಂಡರು. ಜನರಲ್ಲಿಯೂ ಸೂಜಿಯ ಬಗ್ಗೆ ಭಯವಿತ್ತು.

1894ರಲ್ಲಿ ಕಲ್ಕತ್ತಾದ ಬಡವರ ಬಸ್ತಿಗಳಲ್ಲಿ ಕೆಲಸ ಆರಂಭವಾಯಿತು. ಹಾಫ್‌ಕಿನ್ ಅವರು ಜನರ ಎದುರಿನಲ್ಲಿ ಮೊದಲು ತಮಗೆ ಚುಚ್ಚಿಸಿಕೊಂಡು ನಂತರ ಇತರರನ್ನು ಆಹ್ವಾನಿಸುತ್ತಿದ್ದರು. ಒಪ್ಪಿ ಬಂದವರಿಗೆ ಮಾತ್ರ ಲಸಿಕೆ ನೀಡುವುದು ಅವರ ಪದ್ಧತಿ. ಒಂದೇ ಮನೆಯಲ್ಲಿ, ಒಂದೇ ನೀರನ್ನು ಕುಡಿಯುವವರಲ್ಲಿ ಲಸಿಕೆ ಪಡೆದವರೆಷ್ಟು, ಪಡೆಯದವರೆಷ್ಟು, ಯಾರಿಗೆ ರೋಗ ತಗುಲಿತು ಎಂದು ಪಟ್ಟಿ ಮಾಡಿ ಹೋಲಿಸುತ್ತಿದ್ದರು. ಎರಡೂವರೆ ವರ್ಷಗಳ ಅವಧಿಯಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಜನರಿಗೆ ಲಸಿಕೆ ನೀಡಲಾಯಿತು. ಮಲೇರಿಯಾದಿಂದ ಆರೋಗ್ಯ ಕೆಟ್ಟು 1895ರಲ್ಲಿ ಯುರೋಪಿಗೆ ಹಿಂದಿರುಗಿದ ಅವರು, ಚೇತರಿಸಿಕೊಂಡು 1896ರಲ್ಲಿ ಮರಳಿ ಬಂದರು.

ಪ್ಲೇಗು ಲಸಿಕೆಯ ತಯಾರಿಕೆ

1896ರ ಸೆಪ್ಟೆಂಬರ್ ತಿಂಗಳಿನಲ್ಲಿ ಮುಂಬಯಿಯಲ್ಲಿ ಪ್ಲೇಗು ಇರುವುದು ಖಚಿತವಾಯಿತು. ಸರಕಾರದ ಕೋರಿಕೆಯಂತೆ ಹಾಫ್‌ಕಿನ್ ಅವರು ಅಕ್ಟೋಬರ್ ತಿಂಗಳಿನಲ್ಲಿ ಅಲ್ಲಿಗೆ ತಲುಪಿದರು. ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಅವರಿಗೆ ದೊರೆತುದು ಒಂದು ಕೊಠಡಿ, ಒಂದು ಪಡಸಾಲೆ, ಒಬ್ಬ ಗುಮಾಸ್ತ ಹಾಗೂ ಮೂವರು ಜವಾನರು. ಹಗಲಿರುಳು ದುಡಿದು ಮೂರು ತಿಂಗಳಲ್ಲಿ ಅವರು ಲಸಿಕೆಯನ್ನು ಸಿದ್ಧಪಡಿಸಿದರು.

ಮಾಂಸದ ಸಾರಿನಲ್ಲಿ ರೋಗಾಣುವನ್ನು ಬೆಳೆಸಲಾಗುತ್ತಿತ್ತು. ಹಿಂದೂ ಹಾಗೂ ಮುಸಲ್ಮಾನ ಜನರ ಭಾವನೆಗಳಿಗೆ ಧಕ್ಕೆಯಾಗದಂತೆ ಆಡಿನ ಮಾಂಸವನ್ನು ಬಳಸಲಾಯಿತು. ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟರೆ, ಪ್ಲೇಗು ರೋಗಾಣುಗಳು ಆ ಹನಿಗಳನ್ನು ಹಿಡಿದು ಜೋಲುವ ಎಳೆಗಳಂತೆ ಕೆಳಮುಖವಾಗಿ ಬೆಳೆಯುತ್ತಿದ್ದವು. ಹೀಗೆ ಬೆಳೆದ ರೋಗಾಣುಗಳನ್ನು ಕಾಯಿಸಿ ಕೊಂದು ಲಸಿಕೆಯಾಗಿ ಬಳಸಲಾಯಿತು. ಕಾಲರಾ ಲಸಿಕೆಯಲ್ಲಿ ಜೀವಂತ ರೋಗಾಣುಗಳಿದ್ದರೆ ಇದರಲ್ಲಿದ್ದವು ಸತ್ತವು. ಸತ್ತ ರೋಗಾಣುವಿನಿಂದ ಪ್ಲೇಗು ಬರುವಂತಿಲ್ಲ. ಆದರೂ ಅದರ ಗುರುತು ದೇಹಕ್ಕೆ ಸಿಗುತ್ತದೆ.

1897ರ ಜನವರಿ 10ರಂದು ಹಾಫ್‌ಕಿನ್ ಅವರು ಈ ಲಸಿಕೆಯನ್ನೂ ಮೊದಲು ತಾವೇ ಚುಚ್ಚಿಸಿಕೊಂಡರು. ಅದೇ ತಿಂಗಳ ಕೊನೆಯಲ್ಲಿ ಬೈಕುಲ್ಲಾ ಬಂದೀಖಾನೆಯಲ್ಲಿ ಪ್ಲೇಗು ಕಾಣಿಸಿಕೊಂಡಾಗ ಒಪ್ಪಿದ ಕೈದಿಗಳಿಗೆ ಲಸಿಕೆ ನೀಡಿ, ಉಳಿದವರೊಡನೆ ಹೋಲಿಸಲಾಯಿತು. ಲಸಿಕೆ ಪಡೆದವರಲ್ಲಿ ರೋಗವೂ ಸಾವೂ ಕಡಿಮೆಯಾದುದು ಕಂಡುಬಂದಿತು. ಲಸಿಕೆಯು ಸಂಪೂರ್ಣ ರಕ್ಷಣೆ ನೀಡುತ್ತದೆ ಎಂದು ಹಾಫ್‌ಕಿನ್ ಅವರು ಹೇಳಿಕೊಳ್ಳಲಿಲ್ಲ. ರೋಗ ತಗಲುವ ಹಾಗೂ ಸಾಯುವ ಸಾಧ್ಯತೆಯನ್ನು ಅದು ತಗ್ಗಿಸುತ್ತದೆ ಎಂಬುದಷ್ಟನ್ನೇ ಅಂಕಿಅಂಶಗಳ ಮೂಲಕ ಮುಂದಿಟ್ಟರು. 1899ರ ಆಗಸ್ಟ್ ತಿಂಗಳಿನಲ್ಲಿ ಪರೇಲಿನ ಹಳೆಯ ರಾಜಭವನದಲ್ಲಿ ಪ್ಲೇಗು ಸಂಶೋಧನಾ ಪ್ರಯೋಗಾಲಯವು ಅವರ ಮುಖ್ಯಸ್ಥಿಕೆಯಲ್ಲಿ ಆರಂಭವಾಯಿತು.

ಕನ್ನಡ ನಾಡಿನಲ್ಲಿ ಲಸಿಕೆ

ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ ಜಿಲ್ಲೆಯ ಹುಬ್ಬಳ್ಳಿಯು ಹಾಫ್‌ಕಿನ್ ಲಸಿಕೆಯ ಚರಿತ್ರೆಯಲ್ಲಿ ವಿಶೇಷ ಸ್ಥಾನ ಪಡೆದಿದೆ. ಸುಮಾರು 50,000 ಜನಸಂಖ್ಯೆಯ ಹುಬ್ಬಳ್ಳಿಯು ರೈಲು ಕಾರ್ಯಾಗಾರ ಹಾಗೂ ಹತ್ತಿ ವ್ಯಾಪಾರದ ಪಟ್ಟಣವಾಗಿತ್ತು. 1898ರಲ್ಲಿ ಅಲ್ಲಿ ಪ್ಲೇಗು ಉಲ್ಬಣಿಸಿದಾಗ ವೈದ್ಯಾಧಿಕಾರಿ ಕ್ಯಾಪ್ಟನ್ ಲ್ಯೂಮನ್ ಅವರ ನೇತೃತ್ವದಲ್ಲಿ ಲಸಿಕೆ ಕಾರ್ಯವು ನಡೆಯಿತು. ಕೆಲವೇ ತಿಂಗಳುಗಳಲ್ಲಿ ಪಟ್ಟಣದ ಬಹುಪಾಲು ಜನರು ಲಸಿಕೆ ಪಡೆದರು. ಅನೇಕರು ಎರಡನೆಯ ಬಾರಿಗೂ ಬಂದು ಚುಚ್ಚಿಸಿಕೊಂಡರು. ಅಲ್ಲಿ ವಾರವಾರವೂ ಬರೆದಿಟ್ಟ ಲೆಕ್ಕವು ಲಸಿಕೆ ಪಡೆದವರಿಗೂ ಪಡೆಯದವರಿಗೂ ಇರುವ ವ್ಯತ್ಯಾಸವನ್ನು ಜಗತ್ತಿಗೆ ತೋರಿಸಿದ ಪ್ರಮುಖ ಆಧಾರಗಳಲ್ಲಿ ಒಂದಾಯಿತು. ಧಾರವಾಡ ಮತ್ತು ಗದಗಗಳಲ್ಲಿಯೂ ಲಸಿಕೆ ನೀಡಲಾಯಿತು.

1898ರ ಆಗಸ್ಟ್ ತಿಂಗಳಿನಲ್ಲಿ ಹುಬ್ಬಳ್ಳಿಯ ಕಡೆಯಿಂದ ರೈಲಿನ ಮೂಲಕ ಪ್ಲೇಗು ಬೆಂಗಳೂರನ್ನು ತಲುಪಿತು. ಜನರು ಊರು ತೊರೆದು ಬಯಲಿನಲ್ಲಿ ಗುಡಿಸಲು ಹಾಕಿಕೊಂಡರು. ಪ್ಲೇಗು ಮಾರಮ್ಮನ ಗುಡಿಗಳು ಹುಟ್ಟಿಕೊಂಡವು. ಜಾತಿಯ ಕಾರಣದಿಂದ ತಿರುವಾಂಕೂರಿನಲ್ಲಿ ಸರಕಾರಿ ಕೆಲಸ ದೊರೆಯದೆ ಮೈಸೂರು ಸಂಸ್ಥಾನದ ಸೇವೆಗೆ ಬಂದಿದ್ದ ಡಾ. ಪದ್ಮನಾಭನ್ ಪಲ್ಪು ಅವರು ಬೆಂಗಳೂರಿನ ಪ್ಲೇಗು ಶಿಬಿರಗಳಲ್ಲಿ ದುಡಿದರು. ಮತದ ಕಾರಣದಿಂದ ಪ್ರಾಧ್ಯಾಪಕ ಹುದ್ದೆ ದೊರೆಯದ ಹಾಫ್‌ಕಿನ್ ಅವರು ತಯಾರಿಸಿದ ಲಸಿಕೆ ಹಾಗೂ ಜಾತಿಯ ಕಾರಣದಿಂದ ಹುದ್ದೆ ನಿರಾಕರಿಸಲ್ಪಟ್ಟ ವೈದ್ಯರ ಸೇವೆ ಎರಡೂ ಒಂದೇ ಪಿಡುಗಿನ ಕಾಲದಲ್ಲಿ ಈ ನಾಡಿಗೆ ಒದಗಿದುದು ಗಮನಾರ್ಹ.

ಲಸಿಕೆಯು ದೇಹದೊಳಗೆ ಮಾಡಿದ ಕೆಲಸ: ಪ್ರತಿಕಾಯದ ರಚನೆ

ಹುಬ್ಬಳ್ಳಿಯ ಜನರ ರಕ್ತದಲ್ಲಿ ಲಸಿಕೆಯ ನಂತರ ಆದ ಬದಲಾವಣೆಯನ್ನು ಹಾಫ್‌ಕಿನ್ ಅವರು ಕಣ್ಣಿನಿಂದ ಕಾಣಲಿಲ್ಲ. ಅದರ ಪರಿಣಾಮವನ್ನು ಮಾತ್ರ ಲೆಕ್ಕದಲ್ಲಿ ಕಂಡರು. ಪ್ರತಿಕಾಯದ ರಚನೆಯು ತಿಳಿದುಬಂದುದು ಅವರ ನಿಧನದ ಹಲವು ವರ್ಷಗಳ ನಂತರ. 1959ರಲ್ಲಿ ಇಂಗ್ಲೆಂಡಿನ ರಾಡ್ನಿ ಪೋರ್ಟರ್ ಅವರು ಪಪ್ಪಾಯಿಯಿಂದ ದೊರೆಯುವ ಪಪೈನ್ ಎಂಬ ಕಿಣ್ವದಿಂದ ಪ್ರತಿಕಾಯವನ್ನು ಮೂರು ತುಂಡುಗಳಾಗಿ ಬೇರ್ಪಡಿಸಿದರು. ಅದೇ ಕಾಲದಲ್ಲಿ ಅಮೆರಿಕದ ಜೆರಾಲ್ಡ್ ಎಡೆಲ್‌ಮನ್ ಅವರು ಪ್ರತಿಕಾಯವು ಒಂದಕ್ಕಿಂತ ಹೆಚ್ಚು ಸರಪಳಿಗಳಿಂದ ಕೂಡಿದೆ ಎಂದು ತೋರಿಸಿದರು. ಈ ಇಬ್ಬರಿಗೆ 1972ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ಪ್ರತಿಕಾಯವು ಒಂದು ಬಗೆಯ ಪ್ರೋಟೀನು. ಇದನ್ನು ಇಮ್ಯೂನೊಗ್ಲಾಬ್ಯುಲಿನ್ ಎಂದೂ ಕರೆಯಲಾಗುತ್ತದೆ. ಇದರ ಆಕಾರವು ಎರಡು ಕವಲುಗಳಿರುವ ಕವಣೆಯ ಕಟ್ಟಿಗೆಯಂತೆ, ಅಂದರೆ ಇಂಗ್ಲಿಷಿನ ವೈ ಅಕ್ಷರದಂತೆ ಇರುತ್ತದೆ. ಎರಡು ಉದ್ದನೆಯ ಭಾರವಾದ ಸರಪಳಿಗಳು ಹಾಗೂ ಎರಡು ಗಿಡ್ಡನೆಯ ಹಗುರ ಸರಪಳಿಗಳು ಗಂಧಕದ ಬಂಧಗಳಿಂದ ಬೆಸೆದುಕೊಂಡು ಈ ಆಕಾರ ಉಂಟಾಗುತ್ತದೆ.

ಕವಲುಗಳ ತುದಿಯು ರೋಗಾಣುವಿನ ಒಂದು ನಿರ್ದಿಷ್ಟ ಭಾಗವನ್ನು ಹಿಡಿಯುತ್ತದೆ. ಬೀಗಕ್ಕೆ ಅದರದೇ ಬೀಗದ ಕೈ ಹೊಂದುವಂತೆ ಪ್ರತಿಯೊಂದು ಪ್ರತಿಕಾಯದ ತುದಿಯೂ ತನ್ನ ಗುರಿಗೆ ಮಾತ್ರ ಹೊಂದುತ್ತದೆ. ಆದ್ದರಿಂದಲೇ ಪ್ಲೇಗಿನ ಲಸಿಕೆಯು ಕಾಲರಾವನ್ನು ತಡೆಯುವುದಿಲ್ಲ ಮತ್ತು ಒಂದೊಂದು ರೋಗಕ್ಕೆ ಅದರದೇ ಲಸಿಕೆ ಬೇಕಾಗುತ್ತದೆ. ಕೆಳಗಿನ ಕಾಂಡದ ಭಾಗವು ದೇಹದ ಉಳಿದ ರಕ್ಷಣಾ ವ್ಯವಸ್ಥೆಗೆ ಕರೆ ಕಳುಹಿಸುತ್ತದೆ. ನುಂಗುವ ಕೋಶಗಳು ಈ ಕಾಂಡವನ್ನೇ ಹಿಡಿದು ರೋಗಾಣುವನ್ನು ಒಳಗೆ ಎಳೆದುಕೊಳ್ಳುತ್ತವೆ. ಮೆಚ್ನಿಕೋವ್ ಅವರ ಕೋಶಗಳು ಹಾಗೂ ಬೆಹ್ರಿಂಗ್ ಅವರ ದ್ರವವಸ್ತು ಜೊತೆಗೂಡಿ ಕೆಲಸ ಮಾಡುತ್ತವೆ ಎಂಬುದು ಹೀಗೆ ಸ್ಪಷ್ಟವಾಯಿತು. ಹಳೆಯ ವಾದದಲ್ಲಿ ಎರಡು ಕಡೆಯವರೂ ಹೇಳಿದುದರಲ್ಲಿ ಸತ್ಯವಿತ್ತು.

ಪ್ರತಿಕಾಯಗಳ ಐದು ವರ್ಗಗಳು

ಭಾರ ಸರಪಳಿಯ ಬಗೆಯನ್ನು ಅನುಸರಿಸಿ ಮನುಷ್ಯರ ಪ್ರತಿಕಾಯಗಳನ್ನು ಐದು ವರ್ಗಗಳಾಗಿ ವಿಂಗಡಿಸಲಾಗಿದೆ.

1. ಐಜಿಎಂ: ರೋಗಾಣು ಅಥವಾ ಲಸಿಕೆ ದೇಹವನ್ನು ಮೊದಲ ಬಾರಿ ಪ್ರವೇಶಿಸಿದಾಗ ಮೊದಲು ತಯಾರಾಗುವ ವರ್ಗ. ಐದು ಘಟಕಗಳು ಕೂಡಿ ಒಂದಾಗಿ, ಹಿಡಿಯುವ ಹತ್ತು ತುದಿಗಳನ್ನು ಹೊಂದಿರುತ್ತದೆ. ಬಹುಕಾಲ ಉಳಿಯುವುದಿಲ್ಲ.

2. ಐಜಿಜಿ: ರಕ್ತದಲ್ಲಿರುವ ಪ್ರತಿಕಾಯಗಳಲ್ಲಿ ಸುಮಾರು ಮುಕ್ಕಾಲು ಪಾಲು ಈ ವರ್ಗದವು. ಎರಡನೆಯ ಬಾರಿ ಲಸಿಕೆ ಪಡೆದಾಗ ಇದು ಬೇಗನೆ, ಹೆಚ್ಚಿನ ಪ್ರಮಾಣದಲ್ಲಿ ಹಾಗೂ ಗುರಿಯನ್ನು ಇನ್ನೂ ಬಿಗಿಯಾಗಿ ಹಿಡಿಯುವ ರೂಪದಲ್ಲಿ ತಯಾರಾಗುತ್ತದೆ. ತಾಯಿಯ ರಕ್ತದಿಂದ ಮಾಸುಚೀಲದ ಮೂಲಕ ಗರ್ಭದಲ್ಲಿರುವ ಶಿಶುವಿಗೆ ಹೋಗುವ ವರ್ಗ ಇದೊಂದೇ.

3. ಐಜಿಎ: ಕರುಳು, ಮೂಗು, ಗಂಟಲುಗಳ ಒಳಪದರದಲ್ಲಿಯೂ ಕಣ್ಣೀರು, ಜೊಲ್ಲು, ಎದೆಹಾಲಿನಲ್ಲಿಯೂ ಇರುತ್ತದೆ. ಹೆರಿಗೆಯಾದ ಮೊದಲ ದಿನಗಳ ಗಿಣ್ಣುಹಾಲಿನಲ್ಲಿ ಇದು ಹೇರಳವಾಗಿರುತ್ತದೆ. ಆದ್ದರಿಂದ ಗಿಣ್ಣುಹಾಲನ್ನು ಹಿಂಡಿ ಚೆಲ್ಲಬಾರದು. ಕಾಲರಾ ರೋಗಾಣು ಕರುಳಿನಲ್ಲಿ ನೆಲೆಸುವುದರಿಂದ ಅದರ ವಿರುದ್ಧ ಐಜಿಎ ಮುಖ್ಯ. ಚುಚ್ಚುಮದ್ದಿನ ಕಾಲರಾ ಲಸಿಕೆಯ ರಕ್ಷಣೆಯು ಅಲ್ಪಕಾಲದ್ದಾಗಿತ್ತು. ನಂತರದ ಕಾಲದಲ್ಲಿ ಬಾಯಿಯ ಮೂಲಕ ನೀಡುವ ಲಸಿಕೆಗಳು ಬಂದವು. ಹೈದರಾಬಾದಿನಲ್ಲಿ ತಯಾರಾದ ಅಂತಹ ಒಂದು ಲಸಿಕೆಗೆ 2009ರಲ್ಲಿ ಭಾರತದಲ್ಲಿ ಪರವಾನಗಿ ದೊರೆಯಿತು.

4. ಐಜಿಇ: ರಕ್ತದಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುತ್ತದೆ. ಜಂತುಹುಳುಗಳ ವಿರುದ್ಧ ಕೆಲಸ ಮಾಡುತ್ತದೆ. ಅಲರ್ಜಿಗೂ ಇದೇ ಕಾರಣ. 1966ರಲ್ಲಿ ಈ ವರ್ಗವು ಪತ್ತೆಯಾಯಿತು.

5. ಐಜಿಡಿ: ಪ್ರತಿಕಾಯಗಳನ್ನು ತಯಾರಿಸುವ ಬಿ ಕೋಶಗಳ ಹೊರಮೈಯಲ್ಲಿದ್ದು, ಅವುಗಳನ್ನು ಎಚ್ಚರಿಸುವ ಕೆಲಸದಲ್ಲಿ ಪಾಲ್ಗೊಳ್ಳುತ್ತದೆ.

ಲಸಿಕೆಯ ನಂತರ ಕೆಲವು ಬಿ ಕೋಶಗಳು ನೆನಪಿನ ಕೋಶಗಳಾಗಿ ದೇಹದಲ್ಲಿ ಉಳಿಯುತ್ತವೆ. ಅದೇ ರೋಗಾಣು ಮುಂದೆ ಎದುರಾದಾಗ ಇವು ತಡಮಾಡದೆ ಪ್ರತಿಕಾಯಗಳನ್ನು ತಯಾರಿಸುತ್ತವೆ. ಈ ನೆನಪು ಗಟ್ಟಿಯಾಗಲು ಹಲವು ಲಸಿಕೆಗಳನ್ನು ಎರಡು ಅಥವಾ ಮೂರು ಬಾರಿ ನೀಡಬೇಕಾಗುತ್ತದೆ. ಹಾಫ್‌ಕಿನ್ ಅವರು ಅನುಭವದಿಂದ ಅನುಸರಿಸಿದ ಎರಡು ಹಂತದ ಪದ್ಧತಿಗೆ ವಿಜ್ಞಾನವು ನಂತರದಲ್ಲಿ ನೀಡಿದ ವಿವರಣೆ ಇದು.

ಮುಲ್ಕೋವಾಲ್ ದುರಂತ

1902ರಲ್ಲಿ ಪಂಜಾಬಿನಲ್ಲಿ ಪ್ಲೇಗು ತೀವ್ರವಾಗಿದ್ದುದರಿಂದ ಲಸಿಕೆಗೆ ಬೇಡಿಕೆಯು ವಿಪರೀತವಾಗಿ ಹೆಚ್ಚಿತು. ಅದೇ ವರ್ಷ ಅಕ್ಟೋಬರ್ 30ರಂದು ಈಗ ಪಾಕಿಸ್ತಾನದಲ್ಲಿರುವ ಮುಲ್ಕೋವಾಲ್ ಗ್ರಾಮದಲ್ಲಿ 107 ಜನರಿಗೆ ಲಸಿಕೆ ನೀಡಲಾಯಿತು. ಕೆಲವು ದಿನಗಳಲ್ಲಿ ಅವರಲ್ಲಿ 19 ಜನರಿಗೆ ಧನುರ್ವಾಯು ಕಾಣಿಸಿಕೊಂಡಿತು. ಹತ್ತೊಂಬತ್ತು ಮಂದಿಯೂ ಮೃತಪಟ್ಟರು. ಅವರೆಲ್ಲರಿಗೂ ಒಂದೇ ಬಾಟಲಿಯ ಲಸಿಕೆಯನ್ನು ನೀಡಲಾಗಿತ್ತು. ಬೇರೆ ಬಾಟಲಿಗಳಿಂದ ಪಡೆದ ಉಳಿದವರಿಗೆ ಏನೂ ಆಗಲಿಲ್ಲ.

ಬಾಟಲಿಯು ಮುಂಬಯಿಯ ಪ್ರಯೋಗಾಲಯದಲ್ಲಿಯೇ ಕಲುಷಿತವಾಗಿತ್ತೇ ಅಥವಾ ಗ್ರಾಮದಲ್ಲಿ ತೆರೆಯುವಾಗ ಕಲುಷಿತವಾಯಿತೇ ಎಂಬುದು ತನಿಖೆಯ ವಿಷಯವಾಯಿತು. ಲಸಿಕೆಯನ್ನು ಬೇಗನೆ ತಯಾರಿಸಲು ಹಾಫ್‌ಕಿನ್ ಅವರು ಕಾರ್ಬಾಲಿಕ್ ಆಮ್ಲ ಸೇರಿಸುವುದನ್ನು ಬಿಟ್ಟು ಕಾಯಿಸುವುದನ್ನೇ ಅವಲಂಬಿಸಿದ್ದರು. ಇದನ್ನು ಮುಂದಿಟ್ಟು ತನಿಖಾ ಆಯೋಗವು ಪ್ರಯೋಗಾಲಯವನ್ನು ಹೊಣೆಯಾಗಿಸಿತು. ಹಾಫ್‌ಕಿನ್ ಅವರನ್ನು ಮುಖ್ಯಸ್ಥಿಕೆಯಿಂದ ದೂರವಿಡಲಾಯಿತು. ಅವರು ಭಾರತವನ್ನು ತೊರೆದು ಇಂಗ್ಲೆಂಡಿಗೆ ತೆರಳಬೇಕಾಯಿತು.

ತನಿಖೆಯ ಕಾಗದಪತ್ರಗಳು ಬಹಿರಂಗವಾದ ಮೇಲೆ ಬೇರೆಯೇ ಚಿತ್ರವು ಕಾಣಿಸಿತು. ಗ್ರಾಮದಲ್ಲಿ ಬಾಟಲಿಯನ್ನು ತೆರೆಯಲು ಬಳಸಿದ ಇಕ್ಕುಳವು ಸಹಾಯಕನ ಕೈಯಿಂದ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧಗೊಳಿಸದೆ ಮತ್ತೆ ಬಳಸಲಾಗಿತ್ತು. ಧನುರ್ವಾಯುವಿನ ರೋಗಾಣುಗಳು ಮಣ್ಣಿನಲ್ಲಿ ಇರುತ್ತವೆ. ಬಾಟಲಿಯನ್ನು ತುಂಬಿ ಹಲವು ವಾರಗಳಾಗಿದ್ದವು. ಪ್ರಯೋಗಾಲಯದಲ್ಲಿಯೇ ಆ ರೋಗಾಣು ಸೇರಿದ್ದರೆ ಅಷ್ಟು ದಿನಗಳಲ್ಲಿ ಬೆಳೆದು ದುರ್ವಾಸನೆ ಬರಬೇಕಿತ್ತು. ತೆರೆದ ವೈದ್ಯರು ಅಂತಹ ವಾಸನೆಯನ್ನು ಗಮನಿಸಿರಲಿಲ್ಲ. ಮಲೇರಿಯಾ ಸೊಳ್ಳೆಯ ಸಂಶೋಧನೆಗಾಗಿ ನೊಬೆಲ್ ಪಡೆದಿದ್ದ ರೊನಾಲ್ಡ್ ರಾಸ್ ಅವರು ಹಾಗೂ ಇತರ ಪ್ರಮುಖ ವಿಜ್ಞಾನಿಗಳು 1907ರಲ್ಲಿ ಲಂಡನ್ನಿನ ಪತ್ರಿಕೆಯ ಮೂಲಕ ಹಾಫ್‌ಕಿನ್ ಅವರ ಪರವಾಗಿ ನಿಂತರು. ಅದೇ ವರ್ಷದ ಕೊನೆಯಲ್ಲಿ ಅವರು ಆರೋಪದಿಂದ ಮುಕ್ತರಾಗಿ ಭಾರತಕ್ಕೆ ಹಿಂದಿರುಗಿದರು. ತಾವು ಕಟ್ಟಿದ ಮುಂಬಯಿಯ ಪ್ರಯೋಗಾಲಯವು ಅವರಿಗೆ ಮರಳಿ ದೊರೆಯಲಿಲ್ಲ. ಕಲ್ಕತ್ತಾದಲ್ಲಿ ಕೆಲಸ ಮಾಡಿ 1914ರಲ್ಲಿ ನಿವೃತ್ತರಾದರು.

ಮೃತಪಟ್ಟ ಹತ್ತೊಂಬತ್ತು ಜನರ ಕುಟುಂಬಗಳಿಗೆ ಈ ತೀರ್ಮಾನದಿಂದ ಅವರ ಆಪ್ತರು ಮರಳಿ ಬರಲಿಲ್ಲ ಎಂಬುದನ್ನೂ ಇಲ್ಲಿ ನೆನೆಯುವುದು ಅಗತ್ಯ. ಲಸಿಕೆಯ ಗುಣದಷ್ಟೇ ಅದನ್ನು ನೀಡುವ ಕೈಯ ಶುಚಿತ್ವವೂ ಮುಖ್ಯ ಎಂಬ ಪಾಠವು ಆ ಗ್ರಾಮದಿಂದ ದೊರೆಯಿತು. ಒಬ್ಬರಿಗೆ ಒಂದೇ ಬಾರಿ ಬಳಸುವ ಸೂಜಿ, ಬಾಟಲಿಯ ಮೇಲಿನ ಬ್ಯಾಚ್ ಸಂಖ್ಯೆ ಹಾಗೂ ಅವಧಿಯ ದಿನಾಂಕ, ಲಸಿಕೆಯ ನಂತರ ಅರ್ಧ ಗಂಟೆ ಕೇಂದ್ರದಲ್ಲಿಯೇ ಕುಳಿತಿರುವಂತೆ ಸೂಚಿಸುವುದು, ತೊಂದರೆಯಾದಲ್ಲಿ ವರದಿ ಮಾಡಿ ತನಿಖೆ ನಡೆಸುವುದು ಇವೆಲ್ಲವೂ ಅಂತಹ ಅನಾಹುತಗಳನ್ನು ತಡೆಯುವುದಕ್ಕಾಗಿಯೇ ಇರುವ ಕ್ರಮಗಳು.

ಕೊನೆಯ ದಿನಗಳು

ನಿವೃತ್ತಿಯ ನಂತರ ಹಾಫ್‌ಕಿನ್ ಅವರು ಯುರೋಪಿನಲ್ಲಿ ನೆಲೆಸಿದರು. ಅವರು ವಿವಾಹವಾಗಲಿಲ್ಲ. ತಮ್ಮ ಸಂಪತ್ತನ್ನು ಯಹೂದಿ ಧಾರ್ಮಿಕ ವಿದ್ಯಾಲಯಗಳ ನೆರವಿಗೆ ಮೀಸಲಿಟ್ಟರು. 1925ರಲ್ಲಿ ಪರೇಲಿನ ಪ್ರಯೋಗಾಲಯಕ್ಕೆ ಹಾಫ್‌ಕಿನ್ ಸಂಸ್ಥೆ ಎಂದು ಅವರ ಹೆಸರನ್ನೇ ಇಡಲಾಯಿತು. 1930ರ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ಅವರು ನಿಧನರಾದರು. 1964ರಲ್ಲಿ ಭಾರತ ಸರಕಾರದ ಅಂಚೆ ಇಲಾಖೆಯು ಅವರ ಗೌರವಾರ್ಥ ಅಂಚೆ ಚೀಟಿಯನ್ನು ಹೊರತಂದಿತು. ಇಂದು ಪ್ಲೇಗನ್ನು ಜೀವನಿರೋಧಕ ಔಷಧಿಗಳಿಂದ ಗುಣಪಡಿಸಬಹುದಾಗಿದ್ದು, ಹಾಫ್‌ಕಿನ್ ಅವರ ಲಸಿಕೆಯು ಬಳಕೆಯಲ್ಲಿಲ್ಲ. ಒಪ್ಪಿಗೆ ಪಡೆದು ನೀಡುವ, ಎಣಿಸಿ ಹೋಲಿಸುವ ಅವರ ಪದ್ಧತಿಯು ಉಳಿದುಕೊಂಡಿದೆ.

ಇಂದಿನ ಸೇವೆಗಳು: ನಾಗರಿಕರ ಗಮನಕ್ಕೆ

ಹಾಫ್‌ಕಿನ್ ಅವರ ವೃತ್ತಿಜೀವನವನ್ನು ಮುರಿದ ಧನುರ್ವಾಯುವನ್ನು ಇಂದು ಪ್ರತಿಕಾಯಗಳ ಮೂಲಕವೇ ತಡೆಯಲಾಗುತ್ತಿದೆ. ಗರ್ಭಿಣಿಗೆ ನೀಡುವ ಟಿ.ಡಿ. ಚುಚ್ಚುಮದ್ದಿನಿಂದ ಆಕೆಯ ದೇಹದಲ್ಲಿ ಐಜಿಜಿ ಪ್ರತಿಕಾಯಗಳು ತಯಾರಾಗಿ ಶಿಶುವನ್ನು ಸೇರುತ್ತವೆ. ಹುಟ್ಟಿದ ದಿನದಿಂದಲೇ ಮಗುವಿಗೆ ರಕ್ಷಣೆ ದೊರೆಯುತ್ತದೆ. ತಾಯಂದಿರ ಹಾಗೂ ನವಜಾತ ಶಿಶುಗಳ ಧನುರ್ವಾಯುವನ್ನು ಭಾರತವು ನಿವಾರಿಸಿದೆ ಎಂದು 2015ರಲ್ಲಿ ಘೋಷಿಸಲಾಯಿತು. ಈ ಸ್ಥಿತಿಯನ್ನು ಉಳಿಸಿಕೊಳ್ಳಲು ಪ್ರತಿಯೊಬ್ಬ ಗರ್ಭಿಣಿಯೂ ಚುಚ್ಚುಮದ್ದು ಪಡೆಯುವುದು ಅವಶ್ಯ. ಕಾಡಂಚಿನ ಊರುಗಳು ಹಾಗೂ ತಾಂಡಾಗಳಲ್ಲಿ ವಾಸಿಸುವ ಕುಟುಂಬಗಳು ಈ ಕೆಳಗಿನ ಅಂಶಗಳನ್ನು ವಿಶೇಷವಾಗಿ ಗಮನಿಸತಕ್ಕದ್ದು.

• ಗರ್ಭಧಾರಣೆ ತಿಳಿದ ಕೂಡಲೇ ಆಶಾ ಕಾರ್ಯಕರ್ತೆ ಅಥವಾ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಪಡೆಯುವುದು. ಟಿ.ಡಿ. ಮೊದಲ ಚುಚ್ಚುಮದ್ದನ್ನು ಆದಷ್ಟು ಬೇಗನೆ ಹಾಗೂ ಎರಡನೆಯದನ್ನು ನಾಲ್ಕು ವಾರಗಳ ನಂತರ ಪಡೆಯುವುದು.

• ತಾಯಿಯಿಂದ ಬಂದ ಪ್ರತಿಕಾಯಗಳು ಕೆಲವು ತಿಂಗಳುಗಳಲ್ಲಿ ಕ್ಷೀಣಿಸುತ್ತವೆ. ಆದ್ದರಿಂದ ಮಗುವಿಗೆ 6, 10 ಮತ್ತು 14ನೆಯ ವಾರಗಳ ಹಾಗೂ 9 ತಿಂಗಳು ತುಂಬಿದ ನಂತರದ ಲಸಿಕೆಗಳನ್ನು ತಪ್ಪದೆ ಹಾಕಿಸುವುದು. ದುಡಿಮೆಗಾಗಿ ಬೇರೆ ಊರಿಗೆ ಹೋಗುವವರು ಕಾರ್ಡನ್ನು ಜೊತೆಗೆ ಒಯ್ಯುವುದು. ಉಳಿದ ಲಸಿಕೆಗಳನ್ನು ಆ ಊರಿನ ಸರಕಾರಿ ಕೇಂದ್ರದಲ್ಲಿ ಉಚಿತವಾಗಿ ಪಡೆಯಬಹುದು.

• ಲಸಿಕೆಯ ನಂತರ ಸ್ವಲ್ಪ ಜ್ವರ, ಚುಚ್ಚಿದ ಜಾಗದಲ್ಲಿ ನೋವು ಬರಬಹುದು. ದೇಹವು ಲಸಿಕೆಯನ್ನು ಗುರುತಿಸುತ್ತಿರುವುದರ ಲಕ್ಷಣ ಇದು. ತೀವ್ರ ತೊಂದರೆ ಕಂಡುಬಂದಲ್ಲಿ ಕೂಡಲೇ ಆರೋಗ್ಯ ಕೇಂದ್ರಕ್ಕೆ ತಿಳಿಸುವುದು.

• ಹಾವು ಕಚ್ಚಿದಲ್ಲಿ ಮಂತ್ರ, ನಾಟಿ ಚಿಕಿತ್ಸೆಗಳಲ್ಲಿ ಕಾಲಹರಣ ಮಾಡದೆ ಆಸ್ಪತ್ರೆಗೆ ಕರೆತರುವುದು. ಹಾವಿನ ವಿಷದ ಮದ್ದು ಎಂದರೆ ಕುದುರೆಯ ದೇಹದಲ್ಲಿ ತಯಾರಾದ ಪ್ರತಿಕಾಯಗಳು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಹಾಗೂ ಗರಗಸ ಮಂಡಲಗಳ ವಿಷಕ್ಕೆ ಇದು ಉಪಯುಕ್ತ. ಸಾಮಾನ್ಯವಾಗಿ ಪ್ರತಿಕಾಯದ ಕಾಂಡವನ್ನು ಕಿಣ್ವದಿಂದ ಕತ್ತರಿಸಿ ತೆಗೆದು, ವಿಷವನ್ನು ಹಿಡಿಯುವ ಕವಲುಗಳನ್ನು ಮಾತ್ರ ಮದ್ದಿನಲ್ಲಿ ಉಳಿಸಲಾಗುತ್ತದೆ. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾಗಿದೆ.

• ನಾಯಿ ಕಚ್ಚಿದಲ್ಲಿ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಬರುವುದು. ಆಳವಾದ ಗಾಯಕ್ಕೆ ಲಸಿಕೆಯ ಜೊತೆಗೆ ಸಿದ್ಧ ಪ್ರತಿಕಾಯಗಳನ್ನೂ ಗಾಯದ ಸುತ್ತ ಚುಚ್ಚಲಾಗುತ್ತದೆ. ಲಸಿಕೆಯಿಂದ ದೇಹವು ತನ್ನ ಪ್ರತಿಕಾಯಗಳನ್ನು ತಯಾರಿಸಿಕೊಳ್ಳುವವರೆಗೆ ಇವು ರಕ್ಷಣೆ ನೀಡುತ್ತವೆ.

ಆರಂಭದಲ್ಲಿ ಹೇಳಿದ ಮೂರು ಪ್ರಶ್ನೆಗಳಿಗೆ ಹಾಫ್‌ಕಿನ್ ಅವರ ಜೀವನದಲ್ಲಿಯೇ ಉತ್ತರವಿದೆ. ರೋಗ ಬಂದ ಮೇಲೆ ಪ್ರತಿಕಾಯಗಳು ತಯಾರಾಗಲು ಸಮಯ ಸಾಲದಿರಬಹುದು. ಆದ್ದರಿಂದ ಆರೋಗ್ಯವಾಗಿರುವಾಗಲೇ ಲಸಿಕೆ ಬೇಕು. ಮೊದಲ ಬಾರಿಯ ಗುರುತು ಮಾಸಬಹುದು. ಆದ್ದರಿಂದ ಮತ್ತೆ ಬರಬೇಕು. ಶುಚಿತ್ವದ ಹೊಣೆಯು ಲಸಿಕೆ ತಯಾರಿಸುವವರಿಂದ ಹಿಡಿದು ಸೂಜಿ ಹಿಡಿಯುವವರವರೆಗೆ ಎಲ್ಲರದು. ಅನುಮಾನವಿದ್ದಲ್ಲಿ ಲಸಿಕೆ ನೀಡುವವರನ್ನು ಪ್ರಶ್ನಿಸಲು, ಬಾಟಲಿ ಹಾಗೂ ಸೂಜಿಯನ್ನು ನೋಡಿ ಖಚಿತಪಡಿಸಿಕೊಳ್ಳಲು ನಾಗರಿಕರಿಗೆ ಹಕ್ಕಿದೆ. ಹೆಚ್ಚಿನ ಮಾಹಿತಿಗಾಗಿ ಸಾರ್ವಜನಿಕರು ತಮ್ಮ ವ್ಯಾಪ್ತಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ಅಥವಾ ತಾಲ್ಲೂಕು ಆರೋಗ್ಯಾಧಿಕಾರಿಗಳನ್ನು ಸಂಪರ್ಕಿಸಬಹುದಾಗಿದೆ.